ಹುಳ ಹಣ್ಣಾದ ದಿನ

ಕಾದಂಬರಿಯ ಕೊನೆಯ ಅಧ್ಯಾಯ ಮುಗಿಸಲೇಬೇಕೆಂದು ನಾಲ್ಕು ದಿನ ರಜೆ ಹಾಕಿ, ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದಾಚೆಗಿರುವ ದೊಡ್ಡಮ್ಮನ ಊರಿಗೆ ಹೋಗಿದ್ದೆ. ಎರಡನೇ ದಿನ ಬೆಳಗ್ಗೆ ಐದೂವರೆಗೆ ದೊಡ್ಡಮ್ಮ ಕೋಣೆಯ ಬಾಗಿಲು ಬಡಿದರು. "ಏಳಮ್ಮ, ಹುಳ ಹಣ್ಣಾಗವೆ."

ರೇಷ್ಮೆ ಮನೆಯಲ್ಲಿ ಆ ಮಾತು ಬಂತೆಂದರೆ ಮುಗಿಯಿತು, ಆಮೇಲೆ ಯಾರಿಗೂ ಬೇರೆ ಕೆಲಸವಿಲ್ಲ. ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಕೊನೆಯ ಸರದಿ, ಎದ್ದ ಮೇಲೆ ಹುಳ ಆರೇಳು ದಿನ ಹಗಲು ರಾತ್ರಿ ಎನ್ನದೆ ಸೊಪ್ಪು ಮೇಯುತ್ತದೆ. ಒಂದು ಹೊತ್ತು ಇದ್ದಕ್ಕಿದ್ದಂತೆ ಬಾಯಿ ಕಟ್ಟುತ್ತದೆ. ಮೈ ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿಯಾಗುತ್ತದೆ, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ತಡಕುತ್ತದೆ. ಆಗ ಅದನ್ನು ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟಲೆಂದು ಸುರುಳಿ ಸುತ್ತಿದ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಬಿಡುತ್ತದೆ, ಆ ಗೂಡಿಗೆ ಬೆಲೆ ಇಲ್ಲ. ರೇಷ್ಮೆಯವರ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಮೊಟ್ಟೆ; ನೂರು ಮೊಟ್ಟೆ ಎಂದರೆ ಹತ್ತಿರ ಹತ್ತಿರ 50,000 ಹುಳ. ಅಕ್ಕಪಕ್ಕದ ಮನೆಯ ಐವರು ಹೆಂಗಸರು ಆಗಲೇ ಸೆರಗು ಸಿಕ್ಕಿಸಿ ಬಂದು ಕೂತಿದ್ದರು. ನಾನು ಲ್ಯಾಪ್‌ಟಾಪ್ ಚೀಲವನ್ನು ಹುಳದ ಮನೆಯ ಮೂಲೆಗೆ ಒರಗಿಸಿ ಅವರ ಪಕ್ಕ ಕುಕ್ಕರಿಸಿದೆ.

ತಮಾಷೆ ಎಂದರೆ ನನ್ನ ಕಾದಂಬರಿಯೂ ರೇಷ್ಮೆಯದೇ.

ಕೋಜಿ ಫ್ಯಾಂಟಸಿ ಅಂತ ಒಂದು ಬಗೆಯಿದೆ. ಮಾಯೆ ಮಂತ್ರ ಇರುತ್ತದೆ, ಆದರೆ ರಾಜ್ಯ ಉಳಿಸುವ ಯುದ್ಧ ಇರುವುದಿಲ್ಲ. ಒಂದು ಅಂಗಡಿ, ಒಂದು ಒಲೆ, ನಾಲ್ಕು ಜನ ಒಳ್ಳೆಯವರು, ನಿಧಾನಕ್ಕೆ ಅರಳುವ ಒಂದು ಪ್ರೀತಿ. ನಮ್ಮ ಭಾಷೆಯ 'ಬೆಚ್ಚಗೆ' ಎಂಬ ಮಾತು ಇದಕ್ಕೇ ಹುಟ್ಟಿದಂತಿದೆ. ನನ್ನ ನಾಯಕಿ ಬೆಟ್ಟದ ಬುಡದ ಒಂದು ಊರಿನಲ್ಲಿ ನೂಲು ತೆಗೆಯುತ್ತಾಳೆ. ಅವಳು ತೆಗೆದ ನೂಲಿನ ಸೀರೆ ಉಟ್ಟವರಿಗೆ, ಕಳೆದುಕೊಂಡವರ ದನಿ ಒಂದು ಗಳಿಗೆ ಕಿವಿಯಲ್ಲಿ ಕೇಳುತ್ತದೆ. ಅವಳಿಗೆ ಮನಸೋಲುವವನು ಮನೆಮನೆಗೆ ಚಾಕಿ ಹುಳ, ಅಂದರೆ ಎಳೆಯ ಹುಳ, ತಂದುಕೊಡುವವನು. ಇಷ್ಟೇ ಕಥೆ.

ಇಷ್ಟನ್ನು ಬರೆಯಲು ಹದಿನಾಲ್ಕು ತಿಂಗಳು ಹಿಡಿದಿತ್ತು. ಮೊದಲ ಎರಡು ತಿಂಗಳು ಒಂದೇ ಪದಕ್ಕೆ ಹೋಯಿತು. ಇಂಗ್ಲಿಷಿನಲ್ಲಿ ಈ ಕಥೆಗಳ ತುಂಬ ಮುದ್ದಾದ ಮಾಟಗಾತಿಯರು ಚಹಾ ಕಾಸುತ್ತ ಓಡಾಡುತ್ತಾರೆ. ನಮ್ಮಲ್ಲಿ 'ಮಾಟಗಾತಿ' ಎಂದು ಬರೆದರೆ ಚಹಾದ ಪರಿಮಳ ಬರುವುದಿಲ್ಲ, ಹೆದರಿಕೆ ಬರುತ್ತದೆ. ಒಂಟಿ ಹೆಂಗಸನ್ನು ಆ ಹೆಸರಿಟ್ಟು ಬಡಿದ ಕಥೆಗಳನ್ನು ಕೇಳಿಕೊಂಡೇ ಬೆಳೆದವಳು ನಾನು. ವಾಮಾಚಾರದ ವಿರುದ್ಧ 2017ರಲ್ಲಿ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಆ ಪದವನ್ನು ತೊಳೆದು ಮುದ್ದು ಮಾಡುವುದು ನನ್ನ ಕೈಲಾಗಲಿಲ್ಲ. ಕೊನೆಗೆ ಅವಳಿಗೆ ಯಾವ ಹೆಸರೂ ಬೇಡವೆಂದು ಬಿಟ್ಟೆ. ಊರಿನವರು 'ಅವಳ ಕೈಗುಣ' ಎನ್ನುತ್ತಾರೆ, ಅಷ್ಟೇ.

ಇನ್ನೊಂದು ಕಾಟ ಪದಗಳ ಲೆಕ್ಕದ್ದು. ಕಾದಂಬರಿ ಎಂದರೆ 50,000 ಪದವಾದರೂ ಇರಬೇಕು ಎಂದು ಎಲ್ಲೋ ಓದಿ ತಲೆಗೆ ಹಚ್ಚಿಕೊಂಡಿದ್ದೆ. ಅದು ಇಂಗ್ಲಿಷಿನ ಅಳತೆ. 'ಹೋಗಬೇಕಾಗಿತ್ತೇನೋ' ಎನ್ನುವುದು ನಮಗೆ ಒಂದೇ ಪದ, ಅವರಿಗೆ ಅರ್ಧ ಸಾಲು. ಆ ಅಳತೆ ಮುಟ್ಟಬೇಕೆಂದು ನಾಯಕಿಯ ಕೈಯಲ್ಲಿ ಮೂರು ಸಲ ಹಿತಕಿದ ಅವರೆಬೇಳೆ ಸಾರು ಮಾಡಿಸಿದ್ದೆ. ಈಗ ಒಂದು ಸಲಕ್ಕೆ ಇಳಿಸಿದ್ದೇನೆ.

ಹುಳ ಆರಿಸುವ ಕೆಲಸಕ್ಕೆ ಕೈ ಬೇಕು, ಬಾಯಿ ಬೇಡ. ಅದಕ್ಕೇ ಎಲ್ಲರ ಬಾಯಿಯೂ ಓಡುತ್ತಿತ್ತು. "ನಮ್ಮುಡುಗಿ ಕತೆ ಬರೀತಾಳೆ" ಎಂದು ದೊಡ್ಡಮ್ಮ ಹೆಮ್ಮೆಯಿಂದಲೇ ನನ್ನನ್ನು ಸಿಕ್ಕಿಸಿದರು. ಹೇಳು ಹೇಳು ಎಂದು ಎಲ್ಲರೂ ಹಿಂದೆ ಬಿದ್ದರು. ಹೇಳಿದೆ. ದನಿ ಕೇಳಿಸುವ ಸೀರೆಯನ್ನು ಅವರು ಚಕಾರ ಎತ್ತದೆ ಒಪ್ಪಿಕೊಂಡರು. ಒಬ್ಬಾಕೆ ಕಣ್ಣು ಕೂಡ ಒರೆಸಿಕೊಂಡರು. ಕೊನೆಗೆ ಬಂದೆ. ಹುಣ್ಣಿಮೆಯ ರಾತ್ರಿ ನಾಯಕಿ ಎಲ್ಲ ಗೂಡುಗಳನ್ನೂ ಹೊರಗೆ ಹರವುತ್ತಾಳೆ, ಒಳಗಿನಿಂದ ಸಾವಿರಾರು ಬಿಳಿ ಚಿಟ್ಟೆಗಳು ಎದ್ದು ಕೆರೆಯ ಮೇಲೆ ಹಾರಿಹೋಗುತ್ತವೆ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಮ್ಮ ಕೇಳಿದರು: "ರೇಷ್ಮೆ ಚಿಟ್ಟೆ ಎಲ್ಲಮ್ಮ ಹಾರ್ತೈತೆ?"

ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳು ರೇಷ್ಮೆಯ ಬಗ್ಗೆ ಬರೆದವಳಿಗೆ ಅದಕ್ಕೆ ರೆಕ್ಕೆಯಿದ್ದೂ ಹಾರಲು ಬರುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಸಾವಿರಾರು ವರ್ಷ ಮನುಷ್ಯರ ತಟ್ಟೆಯಲ್ಲೇ ಬೆಳೆದು ಆ ಶಕ್ತಿ ಹೋಗಿದೆಯಂತೆ. ಏನನ್ನೂ ತಿನ್ನುವುದಿಲ್ಲ. ಬಿತ್ತನೆ ಗೂಡಿನಿಂದ ಹೊರಬಂದು, ಜೋಡಿಯಾಗಿ, ಮೊಟ್ಟೆಯಿಟ್ಟು, ಕೆಲವೇ ದಿನಕ್ಕೆ ಸಾಯುತ್ತದೆ.

"ಕಟ್ಟುಕತೆ ತಾನೆ, ಹಾರ್ಲಿ ಬಿಡಕ್ಕಾ" ಎಂದು ಕಣ್ಣು ಒರೆಸಿಕೊಂಡಾಕೆ ನನ್ನ ಪರ ನಿಂತರು. ಆದರೆ ಕಂಬಕ್ಕೆ ಒರಗಿ ಕೂತಿದ್ದ, ವಯಸ್ಸಾದ ಇನ್ನೊಬ್ಬಾಕೆ ತಲೆ ಎತ್ತದೆಯೇ ಹೇಳಿದರು: "ಹಾರೋದಿರ್ಲಿ. ಚಿಟ್ಟೆ ಆಚೆ ಬಂದ್ರೆ ಗೂಡು ತೂತಾಯ್ತದೆ. ತೂತು ಗೂಡಲ್ಲಿ ನೂಲು ಹೆಂಗೆ ತೆಗೀತಾಳೆ ನಿಮ್ಮ ಉಡುಗಿ?"

ಈಕೆ ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಇಪ್ಪತ್ತು ವರ್ಷ ಕುದಿನೀರಿನ ಬೇಸಿನ್ ಮುಂದೆ ಕೂತವರು. ನನ್ನ ಮೂರನೇ ಅಧ್ಯಾಯದಲ್ಲಿ ನಾಯಕಿ ಗೂಡುಗಳನ್ನು ಬಿಸಿನೀರಿಗೆ ಬಿಡುತ್ತಾಳೆ, ಎಳೆ ಗುನುಗುತ್ತ ಮೇಲೆ ಬರುತ್ತದೆ. ಒಳಗಿದ್ದ ಹುಳ ಏನಾಯಿತು ಎಂಬ ಒಂದು ಸಾಲೂ ಇಲ್ಲ. ನಾನು ಮರೆತಿದ್ದಲ್ಲ. ಬೆಚ್ಚನೆಯ ಕಥೆಯಲ್ಲಿ ಅದೊಂದು ಬೇಡವೆಂದು ಸೆರಗು ಮುಚ್ಚಿದ್ದೆ, ಪಾಪಪ್ರಜ್ಞೆಗೆ ಕೊನೆಯಲ್ಲಿ ಚಿಟ್ಟೆ ಹಾರಿಸಿದ್ದೆ. ಈಕೆ ಎರಡನ್ನೂ ಒಂದೇ ಎಳೆಯಲ್ಲಿ ಹಿಡಿದರು. ಒಳ್ಳೆಯ ಗೂಡಿನ ಎಳೆ 1,000 ಮೀಟರ್‌ವರೆಗೂ ತುಂಡಾಗದೆ ಬರಬೇಕಾದರೆ ಒಳಗಿನದು ಹೊರಗೆ ಬರಬಾರದು.

"ನಿಮ್ಮ ಕತೇಲಿ ವಾಸ್ನೆ ಐತಾ?" ಎಂದು ಕೇಳಿದರು. ಇರಲಿಲ್ಲ. ಬೆಂದ ಹುಳದ ವಾಸನೆ ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತುಕೊಂಡೇ ಹೋಗುತ್ತಿದ್ದರಂತೆ. ಬೇಸರದಿಂದೇನೂ ಹೇಳಲಿಲ್ಲ. "ನಂಗೆ ಆರಾಮಾಗಿ ಕಾಲು ಚಾಚ್ಕೊಂಡು ಬರೋದು" ಎಂದು ನಕ್ಕರು. ಹೇಳುತ್ತಲೇ ಒಂದು ಹಣ್ಣು ಹುಳವನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಚಂದ್ರಂಕಿಯ ಸುರುಳಿಯೊಳಕ್ಕೆ ಇಳಿಸಿದರು. ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಪ್ರೇಮದ ಭಾಗದಲ್ಲೂ ನಾನು ತಿಂಗಳಾನುಗಟ್ಟಲೆ ಒಂದು ಕಡೆ ಸಿಕ್ಕಿಕೊಂಡಿದ್ದೆ. ಇವರಿಬ್ಬರು 'ನೀವು'ವಿನಿಂದ 'ನೀನು'ವಿಗೆ ಯಾವಾಗ ಬರಬೇಕು? ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಷ್ಟವೂ ಇಲ್ಲ, ಈ ಸುಖವೂ ಇಲ್ಲ. ಕನ್ನಡದಲ್ಲಿ ಒಂದು ಮುತ್ತಿಗಿಂತ ದೊಡ್ಡ ಘಟನೆ ಅದು. ನಾನು ಬರೆದಿದ್ದು ಹೀಗೆ: ಬೆಂದ ಅವಳ ಬೆರಳು ನೋಡಿ ಅವನು ಮೊದಲ ಬಾರಿ 'ಕೈ ಕೊಡಿ' ಎನ್ನದೆ 'ಕೈ ಕೊಡು' ಎನ್ನುತ್ತಾನೆ. ಅದನ್ನೂ ಹೇಳಿದೆ. ಆರೂ ಜನ ಬಿದ್ದು ಬಿದ್ದು ನಕ್ಕರು. "ಕೊನೇಗೆ ಯಾರು ಯಾರಿಗೆ ಕೈ ಕೊಟ್ರು?"

ಸಂಜೆ ಏಳರ ಹೊತ್ತಿಗೆ ಕೆಲಸ ಮುಗಿಯಿತು. ಚಂದ್ರಂಕಿಗಳನ್ನು ಅಂಗಳದ ಗೋಡೆಗೆ ಸಾಲಾಗಿ ಒರಗಿಸಿದ್ದರು. ನನ್ನ ಸೊಂಟ ನನ್ನದಾಗಿರಲಿಲ್ಲ. ಮುದ್ದೆ ಉಪ್ಸಾರು ಉಂಡು ಲ್ಯಾಪ್‌ಟಾಪ್ ತೆರೆದು, ಹುಣ್ಣಿಮೆ, ಕೆರೆ, ಚಿಟ್ಟೆ, ಎಲ್ಲ ಅಳಿಸಿದೆ. ಹನ್ನೊಂದು ಪುಟ. ಮೂರನೇ ಅಧ್ಯಾಯಕ್ಕೆ ಹಿಂದಕ್ಕೆ ಹೋಗಿ ವಾಸನೆ ಸೇರಿಸಿದೆ, ಬೇಸಿನ್‌ನ ತಳದಲ್ಲಿ ಉಳಿಯುವ ಕಂದು ಹುಳಗಳನ್ನೂ ಸೇರಿಸಿದೆ. ಆಮೇಲೆ ಕೊನೆಯ ಅಧ್ಯಾಯ. ನನ್ನ ಊರಲ್ಲಿ ಬಸ್ಸಿಲ್ಲ, ಗಾಡಿಯಿದೆ. ಜಾತ್ರೆಗೆ ಹೊರಟ ಎತ್ತಿನಗಾಡಿಯಲ್ಲಿ ಜನ ಒತ್ತಿಕೊಂಡು ಕೂತಿದ್ದಾರೆ, ಅವಳ ಪಕ್ಕ ಮಾತ್ರ ಒಂದು ಮೊಳ ಜಾಗ ಖಾಲಿ. ಅವನು ಹತ್ತುತ್ತಾನೆ. ಸರ್ಕೊಳ್ಳಿ ಎನ್ನುವುದಿಲ್ಲ. "ಸರ್ಕೋ" ಎನ್ನುತ್ತಾನೆ.

ಮನೆಗೆ ಬಂದ ಮೇಲೆ ಲ್ಯಾಪ್‌ಟಾಪ್ ಚೀಲದ ಪಕ್ಕದ ಜೇಬಿನಲ್ಲಿ, ಚಾರ್ಜರ್ ತಂತಿಗೆ ಅಂಟಿಕೊಂಡು ಒಂದು ಹಳದಿ ಗೂಡು ಸಿಕ್ಕಿತು. ಯಾವಾಗಲೋ ಹತ್ತಿ ಕಟ್ಟಿಕೊಂಡಿದೆ. ಮೇಜಿನ ಮೇಲೆ, ತಿದ್ದಲೆಂದು ಅಚ್ಚು ಹಾಕಿಸಿದ್ದ ಹಸ್ತಪ್ರತಿಯ ಮೇಲಿಟ್ಟೆ. ಹತ್ತು ಹನ್ನೆರಡು ದಿನ ಕಳೆದು ಒಂದು ಬೆಳಗ್ಗೆ ನೋಡಿದರೆ ಗೂಡು ತೂತಾಗಿದೆ, ಕಾಗದದ ಮೇಲೆ ಕಾಫಿ ಚೆಲ್ಲಿದಂತೆ ಕಂದು ಕಲೆ, ಪಕ್ಕದಲ್ಲಿ ಬಿಳಿ ಚಿಟ್ಟೆ. ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಗಂಡೋ ಹೆಣ್ಣೋ?"

"ಹೆಂಗೆ ಗೊತ್ತಾಗುತ್ತೆ ದೊಡ್ಡಮ್ಮ?"

"ಹೊಟ್ಟೆ ದಪ್ಪ ಇದ್ದು ಕೂತಲ್ಲೇ ಕೂತಿದ್ರೆ ಹೆಣ್ಣು."

ದಪ್ಪವಿತ್ತು. ಕೂತಲ್ಲೇ ಕೂತಿತ್ತು. ಆ ಹಾಳೆ ಬಿಟ್ಟು ಮುಂದಿನ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ತಿದ್ದತೊಡಗಿದೆ.