ಬೆಂಗಳೂರಿಗೆ ಬರುವ ಮುಂಚೆ ಕಾರ್ನ್‌ವಾಲಿಸ್‌ನನ್ನು ತಡೆದವರು

ನ್ಯೂಜೆರ್ಸಿಯಲ್ಲಿ ನಮ್ಮ ಮನೆ ಇರುವುದು ಪ್ರಿನ್ಸ್‌ಟನ್ ಮತ್ತು ಟ್ರೆಂಟನ್ ನಡುವೆ. ಇಲ್ಲಿನ 206ನೇ ನಂಬರ್ ರಸ್ತೆಯಲ್ಲಿ ನಾವೆಲ್ಲ ಸುಮ್ನೆ ಓಡಾಡಿಕೊಂಡಿರುತ್ತೇವೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1777ರ ಜನವರಿ 2ರಂದು ಇದೇ ದಾರಿಯಲ್ಲಿ ಸಾವಿರಾರು ಸೈನಿಕರ ಜೊತೆ ಹೊರಟಿದ್ದವನು ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್. ಹೌದು, ಮುಂದೆ ಬೆಂಗಳೂರಿನ ಕೋಟೆ ಹಿಡಿದು, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡನಲ್ಲ, ಅವನೇ.

ರಜೆ ಹಾಕಿ ಇಂಗ್ಲೆಂಡಿಗೆ ಹೊರಡಲು ಅವನು ಸಿದ್ಧನಾಗಿದ್ದ. ಅಷ್ಟರಲ್ಲಿ ಕ್ರಿಸ್‌ಮಸ್ ಮರುದಿನ ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್ ಟ್ರೆಂಟನ್ ಮೇಲೆ ಬಿದ್ದ. ರಜೆ ರದ್ದಾಯಿತು. ಈಗ ಟ್ರೆಂಟನ್‌ನಲ್ಲೇ ವಾಷಿಂಗ್ಟನ್‌ನನ್ನು ಮುಗಿಸಬೇಕು. ದೂರ ಹತ್ತೇ ಮೈಲಿ.

ಆ ಹತ್ತು ಮೈಲಿಗೆ ಇಡೀ ದಿನ ಹಿಡಿಯಿತು. ಹಿಡಿಸಿದವರಲ್ಲಿ ಮುಖ್ಯರು ಪೆನ್ಸಿಲ್ವೇನಿಯಾದ ರೈಫಲ್ ಪಡೆಯವರು.

1775ರ ಜೂನ್ 14ರಂದು ಅಮೆರಿಕದ ಕಾಂಗ್ರೆಸ್ ರೈಫಲ್ ತುಕಡಿಗಳನ್ನು ಕಟ್ಟಲು ಹೇಳಿತು. ಇಲ್ಲಿನ ಸೇನೆ ಇಂದಿಗೂ ತನ್ನ ಹುಟ್ಟುಹಬ್ಬ ಆಚರಿಸುವುದು ಅದೇ ದಿನ. ಪೆನ್ಸಿಲ್ವೇನಿಯಾದ ತುಕಡಿಗಳು ವಿಲಿಯಂ ಥಾಂಪ್ಸನ್ ಕೈಕೆಳಗೆ ಒಂದಾದವು. 1776ರಲ್ಲಿ ಅದೇ ವಾಷಿಂಗ್ಟನ್ ಸೇನೆಯ ಮೊದಲನೇ ಕಾಂಟಿನೆಂಟಲ್ ರೆಜಿಮೆಂಟ್ ಆಯಿತು. ಹೆಚ್ಚಿನವರು ಗಡಿ ಸೀಮೆಯವರು. ಅಂಚಿಗೆ ಕುಚ್ಚು ಬಿಟ್ಟ ಬೇಟೆ ಅಂಗಿ, ಕೈಯಲ್ಲಿ ಉದ್ದನೆಯ ರೈಫಲ್. ಶಿಸ್ತು ಮಾತ್ರ ಕಮ್ಮಿ. ಬಾಸ್ಟನ್ ಬಳಿ ದಂಗೆ ಎದ್ದು ದಂಡವನ್ನೂ ಕಟ್ಟಿದರು.

ಆ ರೈಫಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದಿರುತ್ತಾರೆ. ಮದ್ದು ಸುರಿದು, ಗುಂಡಿಗೆ ಜಿಡ್ಡು ಸವರಿದ ಬಟ್ಟೆ ಸುತ್ತಿ, ಕೋಲಿನಿಂದ ಬಿಗಿಯಾಗಿ ಒಳಗೆ ತಳ್ಳಬೇಕು. ಗೆರೆ ಹಿಡಿದು ತಿರುಗುತ್ತಾ ಹೊರಟ ಗುಂಡು 200 ಗಜ ದೂರದಲ್ಲೂ ಗುರಿ ತಪ್ಪುವುದು ಅಪರೂಪ. ಆದರೆ ಒಂದು ಗುಂಡು ತುಂಬಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಅಷ್ಟರಲ್ಲಿ ಬ್ರಿಟಿಷ್ ಸೈನಿಕ ಒಳಗೆ ಗೆರೆ ಇಲ್ಲದ ಮಸ್ಕೆಟ್ ಬಂದೂಕಿನಿಂದ ಮೂರು ಸಲ ಹೊಡೆಯುತ್ತಿದ್ದ. ರೈಫಲ್ ತುದಿಗೆ ಸಿಕ್ಕಿಸಲು ಬಯೊನೆಟ್ ಚೂರಿ ಕೂಡ ಇಲ್ಲ. ಬಯಲಲ್ಲಿ ಎದುರಾದರೆ ಇವರ ಕಥೆ ಮುಗಿದಂತೆ. ಮರದ ಮರೆ ಸಿಕ್ಕರೆ ಮಾತ್ರ ಆಟ ಇವರದು.

ಜನವರಿ 2ರ ಆ ದಿನ ಇವರಿಗೆ ಮುಂದಾಳು ಆಗಬೇಕಿದ್ದ ಜನರಲ್ ಫೆರ್ಮಾಯ್ ಕುದುರೆ ಏರಿ ಟ್ರೆಂಟನ್‌ಗೆ ಹೋಗಿಬಿಟ್ಟ. ಹೊಣೆ ಬಿದ್ದದ್ದು ಈ ರೈಫಲ್ ಪಡೆಯ ಕರ್ನಲ್ ಎಡ್ವರ್ಡ್ ಹ್ಯಾಂಡ್ ಮೇಲೆ. ಐರ್ಲೆಂಡಿನಲ್ಲಿ ಹುಟ್ಟಿದವನು, ವೃತ್ತಿಯಲ್ಲಿ ಡಾಕ್ಟರ್. ಹಿಂದಿನ ರಾತ್ರಿ ಮಳೆ ಸುರಿದು ರಸ್ತೆಯೆಲ್ಲಾ ಕೆಸರು. ಶಬಕಂಕ್ ಹಳ್ಳದ ಆಚೆ ದಡದ ಕಾಡಿನಲ್ಲಿ ಹ್ಯಾಂಡ್ ತನ್ನವರನ್ನು ಅಡಗಿಸಿದ. ಶತ್ರು ತೀರಾ ಹತ್ತಿರ ಬರುವ ತನಕ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಟ್ಟಿಗೆ ಹೊಡೆದರು. ಮುಂದಿದ್ದವರು ಚದುರಿ ಹಿಂದಕ್ಕೆ ಓಡಿದರು. ಇಲ್ಲೇ ದೊಡ್ಡ ಸೈನ್ಯ ಇದೆ ಎಂದುಕೊಂಡು ಬ್ರಿಟಿಷರು ಫಿರಂಗಿ ತರಿಸಿದರು, ಸಾಲು ಕಟ್ಟಿದರು, ಕಾಡಿನ ಮೇಲೆ ಗುಂಡಿನ ಮಳೆ ಸುರಿಸಿದರು. ಎರಡು ಗಂಟೆ ಹೋಯಿತು! ಹ್ಯಾಂಡ್‌ನ ಪಡೆ ಮೆಲ್ಲಗೆ ಹಿಂದೆ ಸರಿದು ಮತ್ತೆ ಅಡ್ಡ ನಿಂತಿತು.

ಕಾರ್ನ್‌ವಾಲಿಸ್ ಟ್ರೆಂಟನ್ ಮುಟ್ಟುವಾಗ ಕತ್ತಲಾಗುತ್ತಿತ್ತು. ವಾಷಿಂಗ್ಟನ್ ಸೈನ್ಯ ಇದ್ದದ್ದು ಅಸನ್‌ಪಿಂಕ್ ಹೊಳೆಯ ಆಚೆ. ಅದರ ಸೇತುವೆ ದಾಟಲು ಮತ್ತೆ ಮತ್ತೆ ನುಗ್ಗಿದರೂ ಆಗಲಿಲ್ಲ. ಉಳಿದದ್ದು ಬೆಳಿಗ್ಗೆ ನೋಡೋಣ ಎಂದು ನಿಲ್ಲಿಸಿದ. ರಾತ್ರಿ ಕೆಸರು ಹೆಪ್ಪುಗಟ್ಟಿ ನೆಲ ಗಟ್ಟಿಯಾಯಿತು. ಬೀಡಿನ ಬೆಂಕಿಗಳನ್ನು ಉರಿಯಲು ಬಿಟ್ಟು, ಫಿರಂಗಿ ಚಕ್ರಗಳಿಗೆ ಬಟ್ಟೆ ಸುತ್ತಿ ವಾಷಿಂಗ್ಟನ್ ಬೇರೆ ದಾರಿಯಲ್ಲಿ ಜಾರಿಕೊಂಡ. ಬೆಳಗಾಗುವಾಗ ಪ್ರಿನ್ಸ್‌ಟನ್‌ನಲ್ಲಿ ಯುದ್ಧ ಗೆದ್ದಿದ್ದ. ಹ್ಯಾಂಡ್ ಉಳಿಸಿಕೊಟ್ಟ ಆ ಕೆಲವು ಗಂಟೆ ಇಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ ಎಂದೇ ನನ್ನ ನಂಬಿಕೆ.

ನಮ್ಮ ಕಡೆಯ ಇತಿಹಾಸ ಇದಕ್ಕೆ ಸೇರಿಸಿ ನೋಡಿ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಗೆ ನುಗ್ಗಿದ್ದು ರಾತ್ರಿ. 1792ರ ಫೆಬ್ರವರಿ 6ರಂದು ಶ್ರೀರಂಗಪಟ್ಟಣದ ಮೇಲೆ ಬಿದ್ದದ್ದೂ ರಾತ್ರಿಯೇ. ಬೆಳಿಗ್ಗೆಗೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅವನು ಟ್ರೆಂಟನ್‌ನಲ್ಲಿ ಕಲಿತಿದ್ದ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇದೇ ದಾರಿಯಲ್ಲಿರುವ ಲಾರೆನ್ಸ್‌ವಿಲ್‌ನವರು ಜನವರಿಯಲ್ಲಿ ಕರ್ನಲ್ ಹ್ಯಾಂಡ್ ನೆನಪಿನ ನಡಿಗೆ ಇಟ್ಟುಕೊಳ್ಳುತ್ತಾರೆ. ಆ ಹೊತ್ತಿಗೆ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು ಬೆಚ್ಚಗಿನ ಕೋಟು ಹಾಕಿಕೊಂಡು ಖಂಡಿತ ಬನ್ನಿ.