ವಾಸದ ಪರವಾನಗಿಗಾಗಿ ಕಾದ ತಿಂಗಳುಗಳು

ಪಾಸ್‌ಪೋರ್ಟಿನಲ್ಲಿ ಜರ್ಮನಿಯ ವೀಸಾ ಅಂಟಿದ ದಿನ ದೊಡ್ಡ ಕೆಲಸವೊಂದು ಮುಗಿಯಿತೆಂದು ನಾನು ನಂಬಿದ್ದೆ. ಆದರೆ ಕೆಲಸಕ್ಕೆ ಹೋಗುವವರಿಗೆ ಕೊಡುವ ‘ಡಿ’ ವರ್ಗದ ವೀಸಾ ಬಹುಪಾಲು ಸಂದರ್ಭಗಳಲ್ಲಿ ದೇಶದೊಳಗೆ ಬಂದು ಮೊದಲ ಕೆಲವು ತಿಂಗಳು ಇರುವುದಕ್ಕಷ್ಟೇ ಸಾಕಾಗುತ್ತದೆ. ಆ ಅವಧಿ ಮುಗಿಯುವ ಮುನ್ನ ಅಲ್ಲಿಯ ವಿದೇಶಿಯರ ಕಚೇರಿಗೆ ಅರ್ಜಿ ಕೊಟ್ಟು ವಾಸದ ಪರವಾನಗಿಯನ್ನು ಪಡೆಯಬೇಕು. ಆ ಅರ್ಜಿಗೆ ಬೇಕಾದ ಒಂದೊಂದು ಕಾಗದವೂ ಅದಕ್ಕಿಂತ ಮೊದಲು ಮತ್ತೊಂದು ಕಾಗದವನ್ನು ಕೇಳುತ್ತದೆ.

ಎಲ್ಲಕ್ಕೂ ಮೂಲ ಮನೆಯ ವಿಳಾಸ. ಮನೆಯೊಂದನ್ನು ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು, ಇದನ್ನು ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. 2015ರ ನವೆಂಬರಿನಿಂದ ಈ ನೋಂದಣಿಗೆ ಮನೆ ಕೊಟ್ಟವರ ಲಿಖಿತ ದೃಢೀಕರಣವೂ ಬೇಕು. ನಾನು ಮೊದಲು ಸೇರಿದ ಕೋಣೆಯನ್ನು ಕೊಟ್ಟಾತ ತಾನೇ ಬಾಡಿಗೆಗಿದ್ದವನು. ಬಾಡಿಗೆ ಹಣವನ್ನು ಮುಂಗಡವಾಗಿಯೇ ತೆಗೆದುಕೊಂಡು, ದೃಢೀಕರಣದ ಮಾತೆತ್ತಿದಾಗ ಆಗುವುದಿಲ್ಲವೆಂದು ಕೈಚೆಲ್ಲಿದ. ಅದಿಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ತೆರಿಗೆಯ ಗುರುತು ಸಂಖ್ಯೆ ಇಲ್ಲ, ಆ ಸಂಖ್ಯೆ ಸಿಗದಿದ್ದರೆ ಸಂಬಳದಿಂದ ಹೆಚ್ಚಿನ ದರದಲ್ಲಿ ತೆರಿಗೆ ಮುರಿದುಕೊಳ್ಳುವ ಸಾಧ್ಯತೆ. ಹೊಸಬರಿಗೆ ನಾನು ಒತ್ತಿ ಹೇಳುವ ಮಾತು ಇದು: ಕೋಣೆ ಎಷ್ಟೇ ಚೆನ್ನಾಗಿರಲಿ, ದೃಢೀಕರಣ ಕೊಡುವುದಾಗಿ ಬರವಣಿಗೆಯಲ್ಲಿ ಒಪ್ಪದ ಹೊರತು ಒಂದು ಯೂರೋವನ್ನೂ ಕೊಡಬೇಡಿ.

ಬೇರೆ ಮನೆ ಹಿಡಿದು ನೋಂದಣಿ ಮುಗಿಸಿದ ಮೇಲೂ ಹನ್ನೊಂದು ಅಂಕಿಗಳ ಆ ತೆರಿಗೆ ಸಂಖ್ಯೆ ಬರಲೇ ಇಲ್ಲ. ಅದು ಅಂಚೆಯಲ್ಲಿ ಬರುತ್ತದೆ. ಅಲ್ಲಿಯ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಸಂಖ್ಯೆ ಇರುವುದಿಲ್ಲ. ಅಂಚೆಯವರು ಕೆಳಗಿನ ಪೆಟ್ಟಿಗೆಗಳ ಮೇಲಿನ ಹೆಸರನ್ನು ನೋಡಿ ಪತ್ರ ಹಾಕುತ್ತಾರೆ. ನನ್ನ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರಿನ ಪಟ್ಟಿಯೇ ಉಳಿದಿತ್ತು. ನನ್ನ ಪತ್ರ ಬಂದ ದಾರಿಯಲ್ಲೇ ಹಿಂತಿರುಗಿತ್ತೆಂದು ತಿಳಿಯುವ ಹೊತ್ತಿಗೆ ಐದು ವಾರ ಕಳೆದಿತ್ತು. ಎದುರುಮನೆಯ ಹಿರಿಯರೊಬ್ಬರು ನನ್ನನ್ನು ಕೆಳಗೆ ಕರೆದೊಯ್ದು, ಹಳೆಯ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದು, ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದರು. ಅಂದಿನಿಂದ ಪತ್ರಗಳು ಬರತೊಡಗಿದವು.

ಅಷ್ಟರಲ್ಲಿ ವೀಸಾದ ಅವಧಿ ಮುಗಿಯುತ್ತ ಬಂದಿತ್ತು. ವಿದೇಶಿಯರ ಕಚೇರಿಯಲ್ಲಿ ಭೇಟಿಯ ದಿನ ಸಿಗದೆ, ಅರ್ಜಿಯನ್ನು ಅವಧಿಗೆ ಮೊದಲೇ ಸಲ್ಲಿಸಿ ಅದರ ಪುರಾವೆಯನ್ನು ಜೋಪಾನವಾಗಿ ಇಟ್ಟುಕೊಂಡೆ. ಹೀಗೆ ಸಕಾಲದಲ್ಲಿ ಅರ್ಜಿ ಕೊಟ್ಟವರ ವಾಸವು ತೀರ್ಮಾನವಾಗುವವರೆಗೆ ಕಾನೂನುಬದ್ಧವೇ ಆಗಿರುತ್ತದೆ, ಅದಕ್ಕೆ ಪ್ರಮಾಣವಾಗಿ ‘ಫಿಕ್ಷಿಯೋನ್ಸ್‌ಬೆಶೈನಿಗುಂಗ್’ ಎಂಬ ಮಡಿಚಿದ ಕಾಗದವೊಂದನ್ನು ಕೊಡುತ್ತಾರೆ. ಅದರೊಳಗೆ ಗುರುತು ಹಾಕಲು ಮೂರು ಚೌಕಗಳಿವೆ. ವಾಸ ಕಾಯ್ದೆಯ 81ನೆಯ ವಿಧಿಯ ನಾಲ್ಕನೆಯ ಉಪವಿಧಿಯ ಮುಂದೆ ಗುರುತಿದ್ದರೆ ಹಿಂದಿನ ಪರವಾನಗಿಯೇ ಮುಂದುವರಿದಂತೆ, ದೇಶದ ಹೊರಗೆ ಹೋಗಿ ಮರಳಬಹುದು. ಮೂರನೆಯ ಉಪವಿಧಿಯ ಮುಂದಿದ್ದರೆ ಆ ಕಾಗದವೊಂದನ್ನೇ ನಂಬಿ ಹೊರಗೆ ಹೋದವರು ಮರಳಲಾರರು. ಒಂದು ಗೀಟಿನಷ್ಟೇ ವ್ಯತ್ಯಾಸ. ನನ್ನದರಲ್ಲಿ ಗುರುತು ಸರಿಯಾದ ಜಾಗದಲ್ಲಿಯೇ ಇತ್ತು.

ಆ ಧೈರ್ಯದಿಂದಲೇ ತಾಯಿಯ ಶಸ್ತ್ರಚಿಕಿತ್ಸೆಗೆಂದು ಊರಿಗೆ ಹೋದೆ. ಮರಳುವಾಗ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಯುವತಿ ಪಾಸ್‌ಪೋರ್ಟ್ ತಿರುವಿಹಾಕಿ, “ನಿಮ್ಮ ವೀಸಾ ಮುಗಿದಿದೆಯಲ್ಲ ಸರ್” ಎಂದಾಗ ಎದೆ ಧಸಕ್ಕೆಂದಿತು. ಮಡಿಚಿದ ಕಾಗದವನ್ನು ಮುಂದಿಟ್ಟೆ. ಅದೆಲ್ಲ ಜರ್ಮನ್ ಭಾಷೆಯಲ್ಲಿತ್ತು. ಆಕೆ ಅಂಥದ್ದನ್ನು ಹಿಂದೆ ಕಂಡಿರಲಿಲ್ಲ. ಆಕೆಯ ಹಿಂಜರಿಕೆಯನ್ನು ನಾನು ದೂಷಿಸಲಾರೆ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದ ವಿಮಾನ ಸಂಸ್ಥೆಗೆ ಐರೋಪ್ಯ ಒಕ್ಕೂಟದ 2001ರ ನಿರ್ದೇಶನದಂತೆ ಒಬ್ಬೊಬ್ಬ ಪ್ರಯಾಣಿಕನ ಲೆಕ್ಕದಲ್ಲಿ ಸಾವಿರಾರು ಯೂರೋ ದಂಡ ಬೀಳಬಹುದು, ಅಷ್ಟೇ ಅಲ್ಲದೆ ಆ ಪ್ರಯಾಣಿಕನನ್ನು ಹಿಂದಕ್ಕೆ ಒಯ್ಯುವ ಹೊಣೆಯೂ ಅದರದೇ. ಗಡಿಯ ಅಧಿಕಾರಿ ಎರಡು ನಿಮಿಷದಲ್ಲಿ ಓದಿ ಮುಗಿಸುವ ಕಾಗದವನ್ನು, ಗಡಿಯಿಂದ ಸಾವಿರಾರು ಮೈಲಿ ದೂರದಲ್ಲಿ, ಆ ಭಾಷೆ ಬಾರದವರು ಓದಿ ತೀರ್ಪು ಕೊಡಬೇಕಾಗುತ್ತದೆ. ನನಗೆ ನಿಜವಾಗಿ ನೋವಾಗುವುದು ಈ ವ್ಯವಸ್ಥೆಯ ಬಗ್ಗೆ. ಆಕೆ ಮೇಲಧಿಕಾರಿಯನ್ನು ಕರೆದರು, ಅವರು ಯಾರಿಗೋ ಫೋನ್ ಮಾಡಿದರು. ನಲವತ್ತು ನಿಮಿಷ ಪಕ್ಕದಲ್ಲಿ ನಿಂತಿದ್ದೆ. ನನ್ನ ಹಿಂದೆ ಇದ್ದವರೆಲ್ಲ ಪೆಟ್ಟಿಗೆಗಳನ್ನು ತೂಗಿಸಿ ಒಳಗೆ ಹೋದರು. ಕೊನೆಗೆ ಆ ಚೌಕವನ್ನೂ ಅದರ ಮುಂದಿನ ‘81’ ಎಂಬ ಅಂಕಿಯನ್ನೂ ಬೆರಳಿಟ್ಟು ತೋರಿಸಿದ ಮೇಲೆ, ಫೋನಿನ ಆಚೆಯವರು ಒಪ್ಪಿ, ಬೋರ್ಡಿಂಗ್ ಪಾಸ್ ಕೈಗೆ ಬಂತು. ಇಳಿದ ಮೇಲೆ ಗಡಿಯ ಅಧಿಕಾರಿ ಅದನ್ನು ಬಿಡಿಸಿ ನೋಡಿ, ಮುದ್ರೆ ಒತ್ತಿ ಕೊಟ್ಟುಬಿಟ್ಟರು.

ಅಂಥ ಕಾಗದ ಹಿಡಿದು ಪ್ರಯಾಣ ಮಾಡಲೇಬೇಕಾದವರು ಆ ಉಪವಿಧಿಯ ಇಂಗ್ಲಿಷ್ ಅನುವಾದವನ್ನು ಮುದ್ರಿಸಿಕೊಳ್ಳಿ, ಕೌಂಟರ್ ತೆರೆಯುವ ಮೊದಲೇ ಅಲ್ಲಿರಿ, ಮತ್ತೊಂದು ದೇಶದ ಮೂಲಕ ಹೋಗುವ ವಿಮಾನವಾದರೆ ಅಲ್ಲಿಯ ನಿಯಮವನ್ನೂ ಮೊದಲೇ ವಿಚಾರಿಸಿ.

ಪರವಾನಗಿಯ ಕಾರ್ಡು ಕಳೆದ ತಿಂಗಳು ಕೈಸೇರಿತು. ಕೆಲಸದ ಒಪ್ಪಂದ ಮೂರು ವರ್ಷದ್ದಾದರೂ ಕಾರ್ಡಿನ ಅವಧಿ ಹದಿನಾಲ್ಕೇ ತಿಂಗಳು, ಏಕೆಂದರೆ ನನ್ನ ಪಾಸ್‌ಪೋರ್ಟು ಅಂದಿಗೆ ಮುಗಿಯುತ್ತದೆ ಮತ್ತು ಪಾಸ್‌ಪೋರ್ಟಿನ ಅವಧಿಯನ್ನು ಮೀರಿ ಸಾಮಾನ್ಯವಾಗಿ ಪರವಾನಗಿ ಕೊಡುವುದಿಲ್ಲ. ಹೊರಡುವ ಮುನ್ನವೇ ಅದನ್ನು ನವೀಕರಿಸಿಕೊಳ್ಳಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಓದುತ್ತಿರುವ ನೀವು ಇನ್ನೂ ಹೊರಟಿಲ್ಲವಾದರೆ, ಇಂದೇ ಪಾಸ್‌ಪೋರ್ಟು ತೆಗೆದು ಕೊನೆಯ ದಿನಾಂಕ ನೋಡಿ.