ಇಎಸ್‌ಪಿ32 ಬೋರ್ಡ್ ಪದೇ ಪದೇ ರೀಸೆಟ್ ಆಗುತ್ತಿದ್ದರೆ

ವೈಫೈ ಇರುವ ಸಣ್ಣ ಕಂಪ್ಯೂಟರ್ ಚಿಪ್ಪಿನ ಈ ಬೋರ್ಡ್ ಕೈಕೊಟ್ಟಾಗ ಹೆಚ್ಚಿನವರು ಮೊದಲು ಪ್ರೋಗ್ರಾಮನ್ನು ತಿದ್ದಲು ಕೂರುತ್ತಾರೆ. ಆದರೆ ಮೇಜಿನ ಮೇಲೆ ಸರಿಯಾಗಿ ನಡೆದ ಪ್ರೋಗ್ರಾಂ ತೋಟಕ್ಕೆ ಹೋದ ಮೇಲೆ ಕೆಟ್ಟಿತು ಎಂದಾದರೆ, ನಾನು ಪ್ರೋಗ್ರಾಮನ್ನು ಮುಟ್ಟುವುದಿಲ್ಲ. ಮೊದಲು ವಿದ್ಯುತ್ ಪೂರೈಕೆಯನ್ನು ನೋಡುತ್ತೇನೆ.

ಆಲ್ದೂರಿನ ಕಡೆಯ ಪರಿಚಿತರೊಬ್ಬರು ತಮ್ಮ ರೊಬಸ್ಟಾ ತೋಟದ ಪಂಪ್‌ಹೌಸಿನಲ್ಲಿ ಮಣ್ಣಿನ ತೇವ ಅಳೆದು ಸ್ಪ್ರಿಂಕ್ಲರ್ ಮೋಟಾರನ್ನು ನಡೆಸಲು ಇಎಸ್‌ಪಿ32 ಬೋರ್ಡ್ ಒಂದನ್ನು ಇಟ್ಟಿದ್ದಾರೆ. ಹೂವಿಗೆ ನೀರು ಕೊಡಬೇಕಾದ ಫೆಬ್ರವರಿ ಹೊತ್ತಿಗೇ ಅದು ಹಟ ಹಿಡಿಯಿತು. "ವೈಫೈ ಹಿಡಿಯುವ ಹೊತ್ತಿಗೆ ಸರಿಯಾಗಿ ಸತ್ತು ಮತ್ತೆ ಹುಟ್ಟುತ್ತದೆ ಮಾರಾಯ್ರೇ" ಎಂದು ಅವರು ಹೇಳಿದ ಒಂದೇ ಮಾತಿನಲ್ಲಿ ಅರ್ಧ ಪರೀಕ್ಷೆ ಮುಗಿದಿತ್ತು. ಬೋರ್ಡ್ ಕಳಿಸುವ ಸಂದೇಶಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರನ್ನು 115200 ವೇಗದಲ್ಲಿ ತೆರೆದಾಗ ನಿರೀಕ್ಷಿಸಿದ ಸಾಲೇ ಬಂತು: ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್. ಚಿಪ್ಪಿಗೆ ಸಿಗುವ ವೋಲ್ಟೇಜ್ ಮಿತಿಗಿಂತ ಕೆಳಗೆ ಕುಸಿದಾಗ ಅದು ತಾನಾಗಿಯೇ ರೀಸೆಟ್ ಆಗುತ್ತದೆ ಎಂಬುದನ್ನೇ ಈ ಸಾಲು ಹೇಳುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಆಶ್ಚರ್ಯವೇನಲ್ಲ. ವೈಫೈ ಸಂಕೇತ ಕಳಿಸುವ ಕ್ಷಣದಲ್ಲಿ ಈ ಚಿಪ್ 240 ಮಿಲಿಆಂಪಿಯರ್‌ವರೆಗೆ ಎಳೆಯಬಹುದು. ಆದ್ದರಿಂದಲೇ ಕನಿಷ್ಠ 500 ಮಿಲಿಆಂಪಿಯರ್ ಕೊಡಬಲ್ಲ ಪೂರೈಕೆ ಇರಬೇಕೆಂದು ತಯಾರಕರು ಹೇಳುತ್ತಾರೆ. ಇದರ ಮೇಲೆ ಮೋಟಾರಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ 5 ವೋಲ್ಟಿನ ಸಣ್ಣ ರಿಲೇಯ ಕಾಯಿಲ್ ಇನ್ನೊಂದು 70 ಮಿಲಿಆಂಪಿಯರ್ ಕೇಳುತ್ತದೆ. ಬೋರ್ಡಿನ ಉಳಿದ ಭಾಗಗಳನ್ನೂ ಸೇರಿಸಿ ಒಟ್ಟು 0.4 ಆಂಪಿಯರ್ ಎಂದಿಟ್ಟುಕೊಳ್ಳೋಣ. ಅಗ್ಗದ ಯುಎಸ್‌ಬಿ ಕೇಬಲ್ಲಿನೊಳಗೆ ಸಾಮಾನ್ಯವಾಗಿ ಕಾಣುವ 28 ಗೇಜಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿರುತ್ತದೆ. ಕೇಬಲ್ ಎರಡು ಮೀಟರ್ ಉದ್ದವಿದ್ದರೆ ಹೋಗಿ ಬರುವ ದಾರಿ ನಾಲ್ಕು ಮೀಟರ್ ಆಗುವುದರಿಂದ ಅಲ್ಲೇ 0.3 ವೋಲ್ಟಿಗಿಂತ ಹೆಚ್ಚು ಕರಗಿಹೋಗುತ್ತದೆ. ಬೋರ್ಡಿನ ಡಯೋಡ್ ಇನ್ನೊಂದಿಷ್ಟನ್ನು ತಿನ್ನುತ್ತದೆ. ಇಂತಹ ಬಹಳಷ್ಟು ಬೋರ್ಡುಗಳಲ್ಲಿ ವೋಲ್ಟೇಜನ್ನು ಇಳಿಸಿಕೊಡುವ 1117 ಸರಣಿಯ ರೆಗ್ಯುಲೇಟರ್ ಚಿಪ್ಪಿಗೆ ಬೇಕಾದ 3.3 ವೋಲ್ಟ್ ಕೊಡಬೇಕಾದರೆ ಅದಕ್ಕಿಂತ ಒಂದು ವೋಲ್ಟಿನಷ್ಟು ಹೆಚ್ಚು ಒಳಗೆ ಬರಬೇಕು. ಹೀಗಾಗಿ ಇಡೀ ವ್ಯವಸ್ಥೆ ಅಂಚಿನಲ್ಲೇ ನಿಂತಿರುತ್ತದೆ, ಹಳೆಯ ಅಡಾಪ್ಟರ್ ಸ್ವಲ್ಪ ಸೋತರೂ ಸಾಕು, ಬೋರ್ಡ್ ಕೆಳಗೆ ಬೀಳುತ್ತದೆ.

ಇಲ್ಲಿ ಮಲ್ಟಿಮೀಟರ್ ನಂಬಿದರೆ ದಾರಿ ತಪ್ಪುತ್ತದೆ. ಅದು ಸರಾಸರಿಯನ್ನು ತೋರಿಸುವುದರಿಂದ ಕೆಲವೇ ಮಿಲಿಸೆಕೆಂಡಿನ ಕುಸಿತ ಅದರ ಪರದೆಯಲ್ಲಿ ಕಾಣುವುದೇ ಇಲ್ಲ. ಕ್ಷಣಕ್ಷಣದ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಇಲ್ಲದವರು ವೈಫೈ ಆರಂಭಿಸುವ ಸಾಲನ್ನು ತೆಗೆದು, ರಿಲೇಯನ್ನೂ ಬಿಡಿಸಿ ಬೋರ್ಡನ್ನು ಓಡಿಸಿ ನೋಡಬಹುದು. ಆಗ ಅದು ತಕರಾರಿಲ್ಲದೆ ನಡೆದರೆ ಅನುಮಾನ ಬಹುಮಟ್ಟಿಗೆ ನಿಜವಾದಂತೆ. ಗಿಡ್ಡ, ದಪ್ಪ ತಂತಿಯ ಕೇಬಲ್, ರಿಲೇಗೆ ಬೇರೆಯದೇ 5 ವೋಲ್ಟ್ ಪೂರೈಕೆ, ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ಪಿನ್ನುಗಳ ನಡುವೆ ಕ್ಷಣದ ಕೊರತೆಯನ್ನು ತುಂಬಿಕೊಡುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಇಷ್ಟರಿಂದಲೇ ಆಲ್ದೂರಿನ ಬೋರ್ಡ್ ದಾರಿಗೆ ಬಂತು. ಬ್ರೌನ್‌ಔಟ್ ಡಿಟೆಕ್ಟರನ್ನೇ ಪ್ರೋಗ್ರಾಮಿನಲ್ಲಿ ಆರಿಸಿಬಿಡುವ ಉಪಾಯವನ್ನು ಅಂತರ್ಜಾಲದಲ್ಲಿ ಬಹಳ ಮಂದಿ ಹೇಳಿಕೊಡುತ್ತಾರೆ. ಅದು ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ವೋಲ್ಟೇಜ್ ಕುಸಿದ ಹೊತ್ತಿನಲ್ಲಿ ಪ್ರೋಗ್ರಾಂ, ದತ್ತಾಂಶ ಉಳಿಯುವ ಫ್ಲ್ಯಾಶ್ ಮೆಮೊರಿಗೆ ಬರೆಯುವ ಕೆಲಸ ನಡೆದಿದ್ದರೆ ದತ್ತಾಂಶವೇ ಕೆಡಬಹುದು.

ರೀಸೆಟ್ ಆಗುವುದು ಬೇರೆ, ಏಳದೇ ಇರುವುದು ಬೇರೆ. ಸೆನ್ಸರಿನ ತಂತಿ ಕಿತ್ತರೆ ಬೋರ್ಡ್ ಏಳುತ್ತದೆ, ಸಿಕ್ಕಿಸಿದರೆ ಏಳುವುದಿಲ್ಲ ಎಂದಾದರೆ ಆ ತಂತಿ ಯಾವ ಪಿನ್ನಿನಲ್ಲಿದೆ ಎಂದು ನೋಡಬೇಕು. ಬೂಟ್ ಆಗುವ ಕ್ಷಣದಲ್ಲಿ 12ನೇ ಜಿಪಿಐಒ, ಅಂದರೆ ಸೆನ್ಸರ್ ಮುಂತಾದವನ್ನು ಜೋಡಿಸುವ 12ನೇ ಪಿನ್, ಮೇಲ್ಮಟ್ಟದ ವೋಲ್ಟೇಜಿನಲ್ಲಿದ್ದರೆ ಚಿಪ್ ಫ್ಲ್ಯಾಶಿಗೆ 1.8 ವೋಲ್ಟ್ ಕೊಡಲು ಹೊರಡುತ್ತದೆ, 3.3 ವೋಲ್ಟಿನ ಫ್ಲ್ಯಾಶ್ ಇರುವ ಸಾಮಾನ್ಯ ಬೋರ್ಡುಗಳು ಅಲ್ಲಿಗೇ ನಿಲ್ಲುತ್ತವೆ. ಸೊನ್ನೆಯ ಪಿನ್ ಕೆಳಮಟ್ಟದಲ್ಲಿದ್ದರೆ ಅದು ಪ್ರೋಗ್ರಾಂ ತುಂಬಿಸಲಿ ಎಂದು ಕಾಯುತ್ತಾ ಕೂರುತ್ತದೆ. 6ರಿಂದ 11ರವರೆಗಿನವು ಫ್ಲ್ಯಾಶಿನವೇ, ಅವುಗಳ ತಂಟೆಗೆ ಹೋಗಬಾರದು. ತೇವದ ಸೆನ್ಸರ್ ವೈಫೈ ಚಾಲೂ ಆದೊಡನೆ ಓದುವುದನ್ನು ನಿಲ್ಲಿಸಿದರೆ ಅದನ್ನು 32ರಿಂದ 39ರೊಳಗಿನ ಪಿನ್ನಿಗೆ ಬದಲಿಸಬೇಕು, ಏಕೆಂದರೆ ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಎರಡು ಎಡಿಸಿಗಳಲ್ಲಿ ಆ ಪಿನ್ನುಗಳು ಮೊದಲನೆಯದಕ್ಕೆ ಸೇರಿದವು, ಎರಡನೆಯದನ್ನು ವೈಫೈ ತಾನೇ ಬಳಸಿಕೊಳ್ಳುತ್ತದೆ.

ಮೋಟಾರ್ ನಿಲ್ಲಿಸಿದ ಗಳಿಗೆಯಲ್ಲಿ ಮಾತ್ರ ಬೋರ್ಡ್ ಸ್ತಬ್ಧವಾಗುವುದಿದ್ದರೆ ಅದು ಸ್ಟಾರ್ಟರಿನೊಳಗೆ ಮೋಟಾರಿನ ವಿದ್ಯುತ್ತನ್ನು ಹಾಕಿ ತೆಗೆಯುವ ಕಾಂಟ್ಯಾಕ್ಟರಿನ ಕಾಯಿಲ್ ಎಸೆಯುವ ಕಿಡಿಯ ಕೆಲಸ. ಕಾಯಿಲಿಗೆ ಅಡ್ಡಲಾಗಿ ಆ ಕಿಡಿಯನ್ನು ಹೀರಿಕೊಳ್ಳುವ ಸ್ನಬ್ಬರ್ ಹಾಕಿಸಿ, ಸೆನ್ಸರಿನ ತಂತಿಗಳನ್ನು ಮೋಟಾರಿನ ತಂತಿಗಳ ಜೊತೆಗೆ ಕಟ್ಟದೆ ದೂರ ಒಯ್ದರೆ ಸಾಕಾಗುತ್ತದೆ. ತ್ರೀ ಫೇಸ್ ಪೆಟ್ಟಿಗೆಯಲ್ಲಿ 415 ವೋಲ್ಟ್ ಇರುವುದರಿಂದ ಆ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಬೇಕೇ ಬೇಕು.

ಇನ್ನು ನಮ್ಮ ಮಲೆನಾಡಿನ ಮಳೆ. ಜೂನ್ ಕಳೆದ ಮೇಲೆ ತೆರೆದ ಪೆಟ್ಟಿಗೆಗಳಲ್ಲಿ ಪಿನ್ನುಗಳ ಬುಡಕ್ಕೆ ಹಸಿರು ಪುಡಿ ಕಟ್ಟಿರುತ್ತದೆ. ಸೆನ್ಸರಿನ ಓದು ಕಾರಣವಿಲ್ಲದೆ ತೂಗಾಡುವುದಕ್ಕೆ ಅದೂ ಒಂದು ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ, ಕನೆಕ್ಟರುಗಳನ್ನು ಬಿಟ್ಟು ಉಳಿದ ಕಡೆ ರಕ್ಷಣಾ ಲೇಪನ ಬಳಿಯಬಹುದು. ಪೆಟ್ಟಿಗೆ ಪ್ಲಾಸ್ಟಿಕ್ಕಿನದ್ದೇ ಇರಲಿ, ತಗಡಿನದಾದರೆ ಆಂಟೆನಾ ಕುರುಡಾಗುತ್ತದೆ. ತಂತಿಗಳು ಕೆಳಗಿನಿಂದಲೇ ಒಳಗೆ ಹೋಗಲಿ, ಅವುಗಳ ಗುಂಟ ಇಳಿದ ನೀರು ಪೆಟ್ಟಿಗೆಯ ಹೊರಗೇ ತೊಟ್ಟಿಕ್ಕಿಹೋಗುತ್ತದೆ.